ಅತ್ತೆಯ ಕೈಗೆ ಸ್ಪಂಜಿನ ಚಾಕು

ಇವತ್ತು ಕಡೂರಿನಲ್ಲಿ ಐಕಿಡೋ ಅನ್ನೋ ಜಪಾನಿ ಸಮರಕಲೆ ಕಲಿಸೋ ನಮ್ಮ ಕ್ಲಬ್ಬಿನಲ್ಲಿ ನನ್ನ ಮಾನ ಹೋಯ್ತು ಕಣ್ರೀ. ಭಾನುವಾರ ತರೀಕೆರೆಯಲ್ಲಿ ನನ್ನ ಮೊದಲ ಸ್ಪರ್ಧೆ. ಒಬ್ಬರು ಸ್ಪಂಜಿನ ಚಾಕು ಹಿಡಿದು ಚುಚ್ಚಲು ಬರುತ್ತಾರೆ, ಇನ್ನೊಬ್ಬರು ಬರಿಗೈಯಲ್ಲಿ ತಪ್ಪಿಸಿಕೊಂಡು ಅವರನ್ನು ಕೆಡವಬೇಕು. ಇವತ್ತು ಅಭ್ಯಾಸಕ್ಕೆ ನನ್ನ ಜೊತೆಗಾತಿ ಬರಲಿಲ್ಲ ಅಂತ, ನೋಡಲು ಬಂದಿದ್ದ ನಮ್ಮತ್ತೆಯ ಕೈಗೆ ಮೇಷ್ಟ್ರು ಚಾಕು ಕೊಟ್ಟರು.

"ಸೊಸೆಗೆ ಚಾಕು ಹಾಕಿದೆ ಅಂದ್ರೆ ನಮ್ಮೂರು ಸಿಂಗಟಗೆರೆ ಜನ ಏನಂತಾರೆ ಮೇಷ್ಟ್ರೇ?" ಅಂದರು ಅತ್ತೆ.

"ಆಟ ಕಣ್ರಮ್ಮಾ, ಸುಮ್ನೆ ಚುಚ್ಚಿ."

ಅತ್ತೆ ಸೆರಗು ಸಿಕ್ಕಿಸಿ, "ತಾಳೇ, ಮಂಡಿ ಹಿಡ್ಕಂತು" ಅಂತ ಬಗ್ಗಿದರು. ಗಾಬರಿಯಾಗಿ ಹತ್ತಿರ ಹೋದೆ. ಹೊಟ್ಟೆಗೇ ಚುಚ್ಚಿದರು! ಆಮೇಲೆ ಇನ್ನೂ ನಾಲ್ಕು ಸಲ. ಒಮ್ಮೆಯೂ ಅವರ ಕೈ ಹಿಡಿಯಲು ಆಗಲಿಲ್ಲ.

ಸ್ಕೂಟರಿನಲ್ಲಿ ಬರುವಾಗ ಹಿಂದಿನಿಂದ ಕೇಳಿದರು: "ನೋವಾಯ್ತೇನೇ?"

"ಇಲ್ಲ ಅತ್ತೆ."

"ಹಂಗಾದ್ರೆ ನಾಳೆನೂ ಬತ್ತೀನಿ."

ನನ್ನ ಮದುವೆಯಾದಾಗಿನಿಂದ ಅವರು ಇಷ್ಟು ಖುಷಿಯಾಗಿದ್ದುದನ್ನು ನಾನು ನೋಡಿರಲಿಲ್ಲ.