ದಾರ ಕಟ್ಟಿದ ಹಣ್ಣು

ನನ್ನ ಅಕ್ಕ ಹೂವಿಗೆ ಮದುವೆ ಮಾಡಿಸುವವಳು. ನಗಬೇಡಿ, ಅದೊಂದು ಕೂಲಿ. ಬೀಜದ ಕಂಪನಿಯವರು ಒಬ್ಬ ದೊಡ್ಡ ಜಮೀನುದಾರನ ಹೊಲದಲ್ಲಿ ಮೆಣಸಿನ ಗಿಡ ಬೆಳೆಸುತ್ತಾರೆ. ಸಂಜೆ ಮೊಗ್ಗು ಬಿಡಿಸಿ ಒಳಗಿನ ಗಂಡು ಎಳೆಗಳನ್ನು ಕಿತ್ತು ಹಾಕಬೇಕು. ಬೆಳಿಗ್ಗೆ ಬೇರೆ ತಳಿಯ ಹೂವಿನ ಪುಡಿ ಮುಟ್ಟಿಸಿ, ಗುರುತಿಗೆ ಕೆಂಪು ದಾರ ಕಟ್ಟಬೇಕು. ಆ ದಾರದ ಹಣ್ಣಿನ ಬೀಜವೇ ಪೊಟ್ಟಣವಾಗಿ ಅಂಗಡಿಗೆ ಬಂದು ಬಂಗಾರದ ಬೆಲೆಗೆ ಹೋಗುವುದು. ಈ ಕೆಲಸದಲ್ಲೇ ಅಕ್ಕನ ತಲೆ ನೆರೆಯಿತು, ಕಣ್ಣಿಗೆ ಪೊರೆ ಬಂತು. ಅವಳ ಹೊಲಕ್ಕೆ ಮಾತ್ರ ಆ ಬೀಜ ಒಂದು ಕಾಳೂ ಬರಲಿಲ್ಲ.

ಹೊಲವಾದರೂ ಎಷ್ಟು? ಮನೆ ಹಿಂದೆ, ಕೂತು ಎದ್ದರೆ ಮುಗಿಯುವಷ್ಟು. ಹಾಕುತ್ತಿದ್ದುದು ಹಳೇ ಬೀಜ. ಪ್ರತಿ ಸಲವೂ ಎಲೆ ಮುರುಟಿಕೊಂಡು, ಬಂದ ಕಾಯಿ ಮನೆ ಸಾರಿಗೇ ಸರಿಹೋಗುತ್ತಿತ್ತು. ಕೂಲಿಯ ಬದಲು ಚೂರು ಬೀಜ ಕೊಡಿ ಎಂದು ಒಮ್ಮೆ ಮೇಸ್ತ್ರಿಯನ್ನು ಕೇಳಿದಳಂತೆ.

"ಅಕ್ಕಾ, ಬ್ಯಾಂಕಲ್ಲಿ ಕಸ ಗುಡಿಸೋರಿಗೆ ನೋಟಿನ ಕಟ್ಟು ಕೊಡ್ತಾರಾ?" ಅಂದನಂತೆ ಅವನು. ಎಲ್ಲರೂ ನಕ್ಕರು. ಇವಳೂ ನಕ್ಕಳಂತೆ. ನಾನಿದ್ದಿದ್ದರೆ ಅವನ ಹಲ್ಲು ಎಣಿಸಿ ಕೈಗೆ ಕೊಡುತ್ತಿದ್ದೆ.

ಕಣ್ಣಿನ ಡಾಕ್ಟರು ಆಪರೇಷನ್ ಮಾಡಿಸದಿದ್ದರೆ ಕತ್ತಲೆಯೇ ಗತಿ ಎಂದ ಮೇಲೆ, ಪರರ ಬೆಂಕಿಕಡ್ಡಿಯನ್ನೂ ಮುಟ್ಟದ ನನ್ನಕ್ಕ ದಾರ ಕಟ್ಟಿದ ನಾಲ್ಕು ಹಣ್ಣನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಬಂದಳು. ಒಂದು ಬೆಳೆ ಕೈಗೆ ಬಂದರೆ ಕಣ್ಣು ಉಳಿಯುತ್ತದೆ, ಇಷ್ಟೇ ಅವಳ ಲೆಕ್ಕ.

ಗಿಡ ಎದ್ದ ಪರಿ ಏನು ಹೇಳಲಿ! ಒಂದೆಲೆ ಮುರುಟಲಿಲ್ಲ. ಕಾಯಿಯ ಭಾರಕ್ಕೆ ಕೊಂಬೆಗಳು ನೆಲ ಮುಟ್ಟಿದವು. ಭಾವ ದಿನಕ್ಕೆ ಹತ್ತು ಸಲ ಹಿತ್ತಲಿಗೆ ಹೋಗಿ ನೋಡಿ ಬರುತ್ತಿದ್ದ. ಮದುವೆಯಲ್ಲೂ ಅವನ ಮುಖ ಅಷ್ಟು ಅರಳಿರಲಿಲ್ಲ.

ಆ ಚೆಂದವೇ ಮುಳುವಾಯಿತು. ಉದ್ದಕ್ಕೆ, ನುಣ್ಣಗೆ, ಆ ಕಾಯಿಯ ರೂಪವೇ ಬೇರೆ; ದಾರಿಯಲ್ಲಿ ನಿಂತವನಿಗೂ ಯಾವ ಬೀಜವೆಂದು ತಿಳಿಯುತ್ತದೆ. ಹೊಸ ಹಂಗಾಮಿಗೆ ಆಳು ಕರೆಯಲು ಮೇಸ್ತ್ರಿ ನಮ್ಮ ಓಣಿಗೆ ಬರುತ್ತಾನೆಂದು ಸುದ್ದಿ ಬಂತು. ಬೀಜ ಕದ್ದದ್ದು ಸಿಕ್ಕರೆ ಆ ಓಣಿಯ ಯಾವ ಹೆಂಗಸಿಗೂ ಕೆಲಸವಿಲ್ಲ. ಅದು ಅವರ ಕಾನೂನು.

ಬೀಜ ಅಂಗಡಿಯಿಂದ ಕೊಂಡೆ ಅನ್ನು, ಅವನೇನು ಕಿತ್ಕೋತಾನೆ ಎಂದು ನಾನು ಹಾರಾಡಿದೆ.

"ಯಾವ ದುಡ್ಡಲ್ಲಿ ಅಂತ ಕೇಳಿದ್ರೆ ಏನ್ ಹೇಳ್ಲೋ? ನಮ್ಮನೆ ಒಲೆ ಎಷ್ಟು ಹೊತ್ತು ಉರಿಯುತ್ತೆ ಅಂತ ಅವನಿಗೂ ಗೊತ್ತು," ಎಂದಳು ಅಕ್ಕ.

ಕಾಯಿ ಇನ್ನೂ ಎಳಸು, ಕಿತ್ತರೆ ಯಾರೂ ಕೊಳ್ಳುವುದಿಲ್ಲ. ಆದರೂ ಸಾಲು ಹಿಡಿದು ಗಿಡ ಕೀಳತೊಡಗಿದಳು. ಭಾವ ಮುಖ ತಿರುಗಿಸಿಕೊಂಡು, ಕಿತ್ತದ್ದನ್ನು ಹೂಳಲು ಗುಂಡಿ ತೋಡಿದ. ಬಾಯಿ ಬಡಿದುಕೊಳ್ಳುತ್ತಿದ್ದ ನಾನೂ ಕೊನೆಗೆ ಅವಳ ಪಕ್ಕ ಕೂತು ಕಿತ್ತೆ. ಬೇರು ಎಷ್ಟು ಗಟ್ಟಿಯಾಗಿ ಹಿಡಿದಿತ್ತೆಂದರೆ ಎರಡೂ ಕೈ ಬೇಕಾಯಿತು.

ಮೇಸ್ತ್ರಿ ಬಂದ. ಬಾಗಿಲಲ್ಲೇ ನಿಂತು ನೀರು ಕುಡಿದು ಹೋದ. ಹಿತ್ತಲ ಕಡೆ ಕಣ್ಣೂ ಹಾಯಿಸಲಿಲ್ಲ.

ಓಣಿಯ ಹೆಂಗಸರೆಲ್ಲ ಕೆಲಸಕ್ಕೆ ಹೋದರು, ಅಕ್ಕನೂ ಹೋದಳು. ಹಂಗಾಮು ಅರ್ಧಕ್ಕೆ ಬರುವ ಮೊದಲೇ ಅವಳೊಬ್ಬಳನ್ನು ಬಿಡಿಸಿದರು. ಗಂಡು ಎಳೆ ಕಣ್ಣಿಗೆ ಕಾಣದೆ ಒಂದು ಸಾಲಿನ ಮೊಗ್ಗನ್ನೆಲ್ಲ ಹಾಳು ಮಾಡಿದ್ದಳಂತೆ.