ಒಣಗದ ರಾಗಿ

ಹಾರನಹಳ್ಳಿಯ ಬಸಮ್ಮನ ರಾಗಿ ಮೂರು ವರ್ಷದಿಂದ ಒಣಗುತ್ತಲೇ ಇದೆ. ರಸ್ತೆಗೊಂದು ಹಂಪ್ ಹಾಕಿಸಿ ಎಂದು ಪಂಚಾಯಿತಿಗೆ ಅಲೆದು ಸಾಕಾದ ಮೇಲೆ, ಮಕ್ಕಳು ಸೈಕಲ್ ತುಳಿಯುವ ಹೊತ್ತಿಗೆ ಸರಿಯಾಗಿ ಜಗಲಿಯ ಮೇಲಿನ ಅದೇ ಮೂಟೆಯನ್ನು ಬಿಚ್ಚಿ ಅರ್ಧ ರಸ್ತೆಗೆ ಹರಡುತ್ತಾಳೆ. ಅನ್ನದ ಮೇಲೆ ಗಾಡಿ ಹತ್ತಿಸುವ ಧೈರ್ಯ ಯಾರಿಗಿದೆ? ಆ ರಾಗಿಯನ್ನೇ ನಂಬಿ ಬೀದಿಯ ಗುಬ್ಬಿಗಳು ಮೊಮ್ಮಕ್ಕಳನ್ನೂ ಕಂಡಿವೆ. ಬೈಕ್ ಹಾರಿಸುವ ಚನ್ನೇಶ ಮಾತ್ರ ದಿನವೂ ರೇಗುತ್ತಿದ್ದ: “ಇನ್ನೂ ಒಣಗಿಲ್ವೇನಮ್ಮೋ?” “ಹಸಿ ಐತೆ ಕಣ್ಲಾ, ನಿಧಾನಕ್ಕೆ ಹೋಗು!” ಮೊನ್ನೆ ಬಾಣಾವರದ ತಂಗಿಯ ಮನೆಗೆ ಹೋಗಿದ್ದ ಬಸಮ್ಮ ಎರಡು ದಿನ ಬಿಟ್ಟು ಬಂದರೆ, ರಾಗಿ ಆಗಲೇ ರಸ್ತೆಯಲ್ಲಿತ್ತು. ಚನ್ನೇಶ ಕುಕ್ಕರಗಾಲಲ್ಲಿ ಕೂತು ಅದರಲ್ಲಿ ಕೈಯಾಡಿಸುತ್ತಿದ್ದ. ಪಕ್ಕದಲ್ಲೇ ಅವನ ಪುಟ್ಟ ಮಗಳು ಹೊಸ ಸೈಕಲ್ಲಿನ ಮೇಲೆ ಓಲಾಡುತ್ತಿದ್ದಳು. “ಒಣಗಿಲ್ವೇನ್ಲಾ?” ಎಂದಳು ಬಸಮ್ಮ. ಅವನು ತಲೆಯೆತ್ತದೆ ಹೇಳಿದ: “ಎಲ್ಲಿ ಒಣಗೈತಮ್ಮೋ, ಇನ್ನೂ ಹಸಿ ಐತೆ!”