ಫೋಟೊದಲ್ಲಿ ಅಡ್ಡ ನೋಡಿದವಳು

ನನ್ನ ಕಥೆಯನ್ನು ರಬಕವಿಯ ನಮ್ಮ ಓಣಿಯವರು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ: ‘ತಬ್ಬಲಿ ಕೂಸು ಪಾಪ, ಮಿಶನ್ ಸಾಲ್ಯಾವ್ರು ಓದಿಸಿ ದೊಡ್ಡಾಕಿನ್ನ ಮಾಡಿದ್ರು.’ ಓದಿಸಿದ್ದು ಖರೆ. ಅದನ್ನು ಯಾವ ವೇದಿಕೆಯ ಮೇಲೂ ಒಪ್ಪುತ್ತೇನೆ. ಆದರೆ ತಬ್ಬಲಿ? ಅಪ್ಪ ಸತ್ತಿದ್ದ, ಅಷ್ಟೆ. ಅವ್ವ ಬದುಕಿದ್ದಳು, ಈಗಲೂ ಇದ್ದಾಳೆ, ಬಸ್ಸು ಹತ್ತಿದರೆ ಸಿಗುವಷ್ಟು ದೂರದಲ್ಲಿ. ಬದುಕಿರುವವಳನ್ನು ಸಾಯಿಸಿ ಕಟ್ಟಿದ ಇಂಥ ವಾದವನ್ನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಯಾರಾದರೂ ಮಂಡಿಸಿದರೆ ನಿಂತ ಕಾಲಲ್ಲೇ ಕೆಡವಿಬಿಡುತ್ತೇನೆ. ಓಣಿಯಲ್ಲಿ ಮಾತ್ರ ಸುಮ್ಮನಿರುತ್ತೇನೆ.

ಅಪ್ಪ ತೀರಿದ ಮೇಲೆ ಅವ್ವ ಮಂದಿಯ ಮಗ್ಗಗಳಿಗೆ ನೂಲು ಸುತ್ತಿಕೊಡುತ್ತಿದ್ದಳು. ಅದರಲ್ಲಿ ಇಬ್ಬರ ಹೊಟ್ಟೆ ತುಂಬಲಿಲ್ಲ. ಯಾರೋ ಹೇಳಿದರೆಂದು ನನ್ನನ್ನು ಜಮಖಂಡಿಯ ಮಿಶನ್ ಶಾಲೆಯ ಬೋರ್ಡಿಂಗಿಗೆ ಸೇರಿಸಿದಳು. ಅಲ್ಲಿ ಒಂದೊಂದು ಮಗುವಿನ ಓದು, ಊಟ, ಬಟ್ಟೆಯನ್ನು ದೂರದೇಶದ ಒಬ್ಬೊಬ್ಬರು ವಹಿಸಿಕೊಂಡಿದ್ದರು. ನನ್ನನ್ನು ವಹಿಸಿಕೊಂಡವಳು ಒಬ್ಬ ಮುದುಕಿ. ನಾವು ಹುಡುಗಿಯರು ಆಕೆಗೆ ‘ಬಿಳಿ ಅಜ್ಜಿ’ ಎನ್ನುತ್ತಿದ್ದೆವು.

ಭಾನುವಾರದ ಪಾಠದಲ್ಲಿ ಅಕ್ಕೋರು ಕಳೆದುಹೋದ ಕುರಿಯ ಕಥೆ ಹೇಳುತ್ತಿದ್ದರು. ಉಳಿದ ಕುರಿಗಳನ್ನೆಲ್ಲ ಬಿಟ್ಟು ಒಂದನ್ನು ಹುಡುಕಲು ಹೊರಟ ಕುರುಬನ ಕಥೆ.

‘ಅಷ್ಟರಾಗ ಉಳದ ಕುರೀನ ತ್ವಾಳ ತಿಂದ್ರರೀ, ಅಕ್ಕೋರ?’ ಎಂದೆ.

ಬೀಳಗಿ ಕಡೆಯ ಕುರಿಗಾರರ ಹುಡುಗಿ ಪಕ್ಕದಲ್ಲಿದ್ದಳು. ‘ನಮ್ಮಪ್ಪ ಹಂಗ ಮಾಡಿದ್ರ ನಮ್ಮಜ್ಜ ಬಡಗೀಲೆ ಬಡೀತಾನ್ರೀ’ ಎಂದಳು. ಇಡೀ ಕೋಣೆ ನಕ್ಕಿತು.

‘ಕರೀಕೋಟ ಹಾಕ್ಕೊಂಡ ಕೋರ್ಟಿಗೆ ಹೋಗು ಬೇ ನೀ. ಈಗ ಕುಂದ್ರು’ ಎಂದು ಅಕ್ಕೋರು ನನ್ನನ್ನೇ ಗದರಿದರು. ಆದರೆ ಮರುವಾರ ನನ್ನನ್ನು ಚರ್ಚಾಸ್ಪರ್ಧೆಗೆ ನಿಲ್ಲಿಸಿದವರೂ ಅವರೇ.

ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ಮೊದಲು ಅಂಗಳದ ಬೇವಿನ ಗಿಡದ ಕೆಳಗೆ ನಮ್ಮದೊಂದೊಂದು ಫೋಟೊ ತೆಗೆಸಿ ಪರದೇಶಕ್ಕೆ ಕಳಿಸುತ್ತಿದ್ದರು. ಆ ದಿನ ತಲೆ ಬಾಚಿಕೊಡಲು ಮನೆಯವರು ಬರಬಹುದಿತ್ತು. ಫೋಟೊದಲ್ಲಿ ನಿಲ್ಲುವಂತಿರಲಿಲ್ಲ. ಅವ್ವ ಮೊದಲ ಬಸ್ಸಿಗೇ ಬರುತ್ತಿದ್ದಳು. ಎಣ್ಣೆ ಹಚ್ಚಿ, ಕಣ್ಣು ಮೇಲೇರುವಷ್ಟು ಬಿಗಿಯಾಗಿ ಎರಡು ಜಡೆ ಹೆಣೆದು, ಫೋಟೊದವನ ಎಡಗಡೆ ಹೋಗಿ ನಿಲ್ಲುತ್ತಿದ್ದಳು. ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

‘ಏ ತಂಗಿ, ಕ್ಯಾಮೆರಾ ಇತ್ತಾಗೈತಿ. ನಿಮ್ಮವ್ವನ್ನ ನಾ ಏನ್ ಹೊತಗೊಂಡ ಹೋಗಂಗಿಲ್ಲ. ಇತ್ತಾಗ ನೋಡ!’ ಎನ್ನುತ್ತಿದ್ದ ಅವನು.

ಹೊತ್ತುಕೊಂಡು ಹೋದವರು ಬೇರೆ. ಗಂಡ ಸತ್ತ ಹೆಣ್ಣಿಗೆ ಮತ್ತೊಂದು ಮನೆ ಮಾಡಿಕೊಡುವ ಪದ್ಧತಿ ನಮ್ಮಲ್ಲಿದೆ, ಉಡಿಕೆ ಎನ್ನುತ್ತೇವೆ. ಒಳ್ಳೆಯ ಪದ್ಧತಿ. ಅದರ ಪರವಾಗಿ ಮಾತಾಡಿ ಢಾಲು ಗೆದ್ದು ತಂದಿದ್ದೇನೆ. ಆದರೆ ಉಡಿಕೆಯಲ್ಲಿ ಹೆಣ್ಣು ಒಬ್ಬಳೇ ಹೋಗಬೇಕು. ಮೊದಲ ಗಂಡನ ಕೂಸು ಅವನ ಮನೆತನಕ್ಕೇ ಉಳಿಯುತ್ತದೆ. ಅವನ ಮನೆತನದಲ್ಲಿ ನನಗಾಗಿ ಬಾಗಿಲು ತೆರೆಯುವವರು ಯಾರೂ ಇರಲಿಲ್ಲ. ಅವ್ವ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕೆಲಸಗಾರನೊಬ್ಬನ ಮನೆಗೆ ಹೋದಳು. ನಾನು ಬೋರ್ಡಿಂಗಿನಲ್ಲಿ ಉಳಿದೆ.

ಆ ವರ್ಷ ಅಕ್ಕೋರೇ ನನ್ನ ತಲೆ ಬಾಚಿದರು. ಜಡೆ ಸಡಿಲವಾಗಿತ್ತು, ನೋಯಲಿಲ್ಲ. ಫೋಟೊದವನ ಎಡಗಡೆ ಬರೀ ಗೋಡೆ. ನಾನು ನೆಟ್ಟಗೆ ಕ್ಯಾಮೆರಾ ನೋಡಿದೆ. ‘ಶಾಣ್ಯಾ ಆದಿ ನೋಡ’ ಎಂದ ಅವನು.

ಬಿಳಿ ಅಜ್ಜಿಯ ಉತ್ತರವನ್ನು ಅಕ್ಕೋರು ಕನ್ನಡದಲ್ಲಿ ಹೇಳಿ ತಿಳಿಸಿದರು. ಈ ವರ್ಷ ನೀನು ಮೊದಲ ಸಲ ನನ್ನನ್ನೇ ನೋಡಿದ್ದೀ, ಎಷ್ಟು ಹಿಗ್ಗಾಯಿತು ಗೊತ್ತೇ, ಎಂದು ಬರೆದಿದ್ದಳಂತೆ. ಆಕೆಯ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಬೇಸಿಗೆ ಸೂಟಿಯಲ್ಲಿ ಎಲ್ಲರೂ ಊರಿಗೆ ಹೋದ ಮೇಲೆ, ಹಾಸಿಗೆ ಸುತ್ತಿಟ್ಟ ಆ ಉದ್ದನೆಯ ಕೋಣೆಯಲ್ಲಿ ಒಬ್ಬಳೇ ನಿಂತು ಭಾಷಣ ಮಾಡುತ್ತಿದ್ದೆ. ಪರವಾಗಿಯೂ ನಾನೇ, ವಿರೋಧವಾಗಿಯೂ ನಾನೇ.

ಬೋರ್ಡಿಂಗ್ ಬಿಡುವಾಗ ಅಕ್ಕೋರು ಆ ಫೋಟೊಗಳ ಒಂದೊಂದು ಪ್ರತಿ ಕೊಟ್ಟರು. ಕಳೆದ ದೀಪಾವಳಿಗೆ, ಅವ್ವ ಫೋಟೊದವನ ಎಡಗಡೆ ನಿಂತಿದ್ದ ಮೊದಮೊದಲ ವರ್ಷಗಳ ಫೋಟೊಗಳನ್ನಷ್ಟೇ ಚೀಲದಲ್ಲಿಟ್ಟುಕೊಂಡು ಸಮೀರವಾಡಿಗೆ ಹೋದೆ. ಆಕೆ ನಾಲ್ಕು ಮಂದಿಯ ಎದುರು ಒಮ್ಮೆ ನನ್ನನ್ನು ಮಗಳು ಎನ್ನಬೇಕು. ಬೇರೆ ಏನೂ ಬೇಕಿರಲಿಲ್ಲ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು ಕಣ್ಣು ತುಂಬಿಕೊಂಡಳು, ಹಿಟ್ಟಿನ ಕೈಯಲ್ಲೇ ಗಲ್ಲ ಹಿಡಿದಳು. ಅಷ್ಟರಲ್ಲಿ ನೆರೆಮನೆಯವಳು ಒಳಗೆ ಬಂದಳು.

‘ಯಾರವ್ವಾ ಈ ಹುಡುಗಿ?’

ಅವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. ‘ನಮ್ಮಕ್ಕನ ಮಗಳ್ರೀ. ಜಮಖಂಡ್ಯಾಗ ಕಾಲೇಜ್ ಕಲೀತಾಳ.’

ಅವ್ವನಿಗೆ ಅಕ್ಕ ಇಲ್ಲ. ಎದುರಾಳಿ ಸುಳ್ಳು ಆಧಾರ ಕೊಟ್ಟರೆ ಅಲ್ಲೇ ತಡೆಯಬೇಕೆಂದು ಕಲಿತವಳು ನಾನು. ಕೊಟ್ಟ ಚಹಾ ಕುಡಿದೆ.

ನಾನು ಚೀಲದಿಂದ ಹೊರತೆಗೆದ ಫೋಟೊಗಳನ್ನು ನೆರೆಯವಳು ಒಂದೊಂದಾಗಿ ತಿರುವಿ ಹಾಕಿದಳು. ‘ಅಯ್ಯ ನನ ಶಿವನ, ಎಲ್ಲಾದ್ರಾಗೂ ಅಡ್ಡನ ನೋಡ್ಯಾಳಲ್ಲ! ಸಣ್ಣಾಕಿದ್ದಾಗ ಮೆಳ್ಳಗಣ್ಣಿತ್ತೇನ ಇಕಿಗೆ?’

ಅವ್ವನ ರೊಟ್ಟಿಯ ಸದ್ದು ನಿಂತಿತು. ಫೋಟೊಗಳನ್ನು ತೆಗೆದುಕೊಂಡು ಆಕೆಯ ಮುಂದೆ, ಹಿಟ್ಟಿನ ಪಕ್ಕದಲ್ಲಿ, ಸಾಲಾಗಿ ಇಟ್ಟೆ.

‘ಚಿಗವ್ವಾ,’ ಎಂದೆ, ಅಕ್ಕನ ಮಗಳು ಕರೆಯುವಂತೆಯೇ. ‘ನೀನ ಹೇಳು. ಇವುಗಳಾಗ ನಾ ಯಾರನ್ನ ನೋಡಾಕತ್ತೇನಿ?’